ಡಿಟೆಸ್ಟ್: ಅರ್ಥ ಮತ್ತು ಪ್ರಯೋಗ

೨ ನವೆಂಬರ್ ೧೯೩೬, ಸೋಮವಾರ. ಶ್ರೀನಿವಾಸಪುರ

ಬೆಂಗಳೂರಿನಲ್ಲಿ ಟ್ರೈನಿಂಗಿಗೆ ಹೋಗಿದ್ದಾಗ ನಮ್ಮ ಉಪಾಧ್ಯಾಯರೊಬ್ಬರು ಹೇಳಿದ್ದರು: ಇಂಗ್ಲಿಷು ನಿಮ್ಮದಾಗಬೇಕಾದರೆ ವಾರಕ್ಕೊಂದು ಪದ ಹಿಡಿಯಿರಿ, ಅದನ್ನಿಟ್ಟು ಹತ್ತು ವಾಕ್ಯ ಬರೆಯಿರಿ, ಹತ್ತೂ ನಿಮ್ಮ ಮಟ್ಟಿಗೆ ನಿಜವಾಗಿರಬೇಕು, ಸುಳ್ಳು ವಾಕ್ಯ ಬರೆದರೆ ಪದ ನಾಲಿಗೆಗೆ ಹತ್ತುವುದಿಲ್ಲ. ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ವಾಕ್ಯಗಳನ್ನು ಈ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತೇನೆ, ಮನಸ್ಸಿನಲ್ಲಿರುವುದನ್ನು ಮುಂದಿನ ಪುಟಗಳಲ್ಲಿ.

ಈ ವಾರದ ಪದ ಡಿಟೆಸ್ಟ್. ನಾಲ್ಕನೆಯ ತರಗತಿಯ ರೀಡರಿನಲ್ಲಿ ಬರುತ್ತದೆ. ನಿಘಂಟಿನಲ್ಲಿ ‘ಬಹಳವಾಗಿ ದ್ವೇಷಿಸು’ ಎಂದಿದೆ. ಅಷ್ಟು ಸಾಲದು. ಡಿಸ್‌ಲೈಕ್ ಎಂದರೆ ಹಾಗಲಕಾಯಿ ನನಗೆ ಸೇರದು ಎಂದ ಹಾಗೆ. ಎಲೆಗೆ ಬಡಿಸಿದರೆ ತಿಂದು ಏಳಬಹುದು. ಹೇಟ್ ಎಂದರೆ ಅವನು ಹಾಳಾಗಲಿ ಎನ್ನುವುದು. ಡಿಟೆಸ್ಟ್ ಇವೆರಡೂ ಅಲ್ಲ. ಅವನು ಎಲ್ಲಾದರೂ ಚೆನ್ನಾಗಿರಲಿ, ನನ್ನ ಕಣ್ಣೆದುರು ಮಾತ್ರ ಇರಕೂಡದು; ಅವನು ಕೆಮ್ಮಿದರೂ ನನಗೆ ಮೈ ಉರಿಯಬೇಕು.

ಹತ್ತು ವಾಕ್ಯಕ್ಕೆ ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಸ್ಕೂಲಿನಲ್ಲೇ ಕನ್ನಡ ಪಂಡಿತ ಲಕ್ಷ್ಮೀನಾರಾಯಣ ಶಾಸ್ತ್ರಿ ಇದ್ದಾನೆ. ಮುಳಬಾಗಿಲಿನವನು, ಐವತ್ತು ದಾಟಿದೆ, ಮೂಗಿನ ಕೆಳಗೆ ಸದಾ ನಶ್ಯದ ಗೆರೆ. ಜೂನ್ ತಿಂಗಳಲ್ಲಿ ನಾನು ಈ ಸ್ಕೂಲಿಗೆ ಬಂದ ಮೊದಲ ದಿನ ಮೇಷ್ಟರುಗಳ ಕೋಣೆಯ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದೆ. ಶಾಸ್ತ್ರಿ ನೋಡಿದ. ಮಾರನೆಯ ದಿನದಿಂದ ಮನೆಯಿಂದ ಹಿತ್ತಾಳೆ ಚೊಂಬು ತರತೊಡಗಿದ. ಅದರ ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಒದ್ದೆ ಬಟ್ಟೆ.

ಅದನ್ನಾದರೂ ನುಂಗಿಕೊಳ್ಳಬಹುದು. ಹೋದ ತಿಂಗಳು ಹೆಡ್‌ಮಾಸ್ಟರ್ ಶ್ರೀನಿವಾಸಪ್ಪನವರ ಎದುರು ಮಾತಿನ ಭರದಲ್ಲಿ ಹಬ್ಬ ಎನ್ನುವ ಬದಲು ನನ್ನ ಬಾಯಿಂದ ‘ಅಬ್ಬ’ ಎಂದು ಬಂದುಬಿಟ್ಟಿತು. ಶಾಸ್ತ್ರಿ ನಶ್ಯ ಏರಿಸುತ್ತ, “ಹಕಾರಾನ ಸುಗಟೂರಲ್ಲೇ ಬಿಟ್ಟು ಬಂದ್ರೇನು ಮೇಷ್ಟ್ರೇ?” ಎಂದ. ಎಲ್ಲರೂ ನಕ್ಕರು. ಸುಗಟೂರಿನಲ್ಲಿ ನೇಗಿಲು ಹಿಡಿದ ವಂಶದಲ್ಲಿ ಇಂಗ್ಲಿಷು ಕಲಿತವನು ನಾನೊಬ್ಬನೇ. ನಾಲ್ಕು ಜನರ ಮುಂದೆ ಅದನ್ನು ಅವನು ಒಂದು ಸೀನಿನಲ್ಲಿ ಹಾರಿಸಿಬಿಟ್ಟ.

ಹತ್ತು ವಾಕ್ಯ ಕಾಲು ಗಂಟೆಯಲ್ಲಿ ಮುಗಿಯಿತು.

೫ ನವೆಂಬರ್, ಗುರುವಾರ

ತರಗತಿಯಲ್ಲಿ ಪದ ಹೇಳಿಕೊಟ್ಟೆ. ಹುಡುಗರು ಗಣಿತವನ್ನು, ಹರಳೆಣ್ಣೆಯನ್ನು, ಒಬ್ಬ ತನ್ನ ಭಾವನನ್ನು ಡಿಟೆಸ್ಟ್ ಮಾಡಿದರು. ವಸ್ತುವಿನ ಮೇಲೂ ಬಳಸಬಹುದು, ಆದರೆ ದಿನಕ್ಕೆ ಹತ್ತು ಸಲ ಬಳಸಿದರೆ ಪದ ಸವೆಯುತ್ತದೆ, ಜೋಪಾನವಾಗಿಡಿ ಎಂದೆ.

ಸಾಯಂಕಾಲ ಒಂದು ಕೆಲಸ ಮಾಡಿದೆ. ಶಾಸ್ತ್ರಿಯ ಮೇಲೆ ಕೋಲಾರದ ಇನ್‌ಸ್ಪೆಕ್ಟರಿಗೆ ಒಂದು ಮೂಗರ್ಜಿ ಬರೆದೆ. ಇಂಗ್ಲಿಷಿನಲ್ಲಿ, ಅಚ್ಚಿನಂಥ ಬಿಡಿ ಅಕ್ಷರಗಳಲ್ಲಿ. ಮೂರು ದೂರು. ಒಂದು, ತರಗತಿಯಲ್ಲಿ ನಶ್ಯ ಹಾಕುತ್ತಾನೆ. ಎರಡು, ಒಕ್ಕಲು ಮಕ್ಕಳನ್ನು ಹಿಂದಿನ ಸಾಲಿಗೆ ದಬ್ಬುತ್ತಾನೆ. ಮೂರು, ಹುಡುಗರು ಇವನನ್ನು ಡಿಟೆಸ್ಟ್ ಮಾಡುತ್ತಾರೆ. ಮೊದಲನೆಯದು ನಿಜ. ಎರಡನೆಯದು ಕಿಟಕಿಯಿಂದ ನೋಡಿದ್ದು. ಮೂರನೆಯದು ಇಲ್ಲದೆ ಅರ್ಜಿಗೆ ತೂಕ ಬರುತ್ತಿರಲಿಲ್ಲ. ಕೆಳಗೆ ‘ಊರಿನ ಹಿತೈಷಿಗಳು’ ಎಂದು ಹಾಕಿದೆ.

೮ ನವೆಂಬರ್, ಭಾನುವಾರ

ಬೌರಿಂಗ್‌ಪೇಟೆಯಲ್ಲಿ ರೈಲು ಬದಲಿಸಿ ಮಾಲೂರಿಗೆ ಹೋದೆ. ಚಿಕ್ಕಪ್ಪ ಗುರುವಪ್ಪ ಅಲ್ಲಿ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಅವರನ್ನು ನೋಡುವುದು ನೆಪ. ಸ್ಟೇಷನ್ ಮುಂದಿನ ಟಪ್ಪಾಲು ಡಬ್ಬಿಗೆ ಲಕೋಟೆ ಹಾಕಿದೆ. ಶ್ರೀನಿವಾಸಪುರದಲ್ಲಿ ಹಾಕಿದರೆ ಪೋಸ್ಟ್‌ಮಾಸ್ಟರಿಗೆ ಎಲ್ಲರ ಅಕ್ಷರವೂ ಗೊತ್ತು.

ಹೊಟ್ಟೆ ತಣ್ಣಗಾಯಿತು. ಚಿಕ್ಕಪ್ಪನ ಮನೆಯಲ್ಲಿ ಎರಡು ಮುದ್ದೆ ಉಂಡೆ.

೧೯ ನವೆಂಬರ್, ಗುರುವಾರ

ಪೇಟೆಯ ಮಂಡಿಯಲ್ಲಿ ಇಲಿ ಸತ್ತು ಬಿದ್ದಿವೆ. ಮೊನ್ನೆ ಮೂರು, ಇವತ್ತು ಹನ್ನೊಂದು. ಸಾಯಂಕಾಲ ತಮಟೆ ಹೊಡೆಸಿದರು: ಪ್ಲೇಗು ಬಂದಿದೆ, ಮೂರು ದಿನದೊಳಗೆ ಎಲ್ಲರೂ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳಬೇಕು. ಸ್ಕೂಲಿಗೆ ಬೀಗ.

ಅವ್ವ ಆಗಲೇ ಒರಳು, ರಾಗಿ ಕಲ್ಲು ಹೊರಗೆ ಉರುಳಿಸಿದ್ದಾಳೆ. “ನಾನು ಚಿಕ್ಕೋಳಿದ್ದಾಗ ಎಲ್ಡು ಸಲ ಊರು ಬಿಟ್ಟಿದ್ದೀವಿ ಕಣ್ಲಾ. ಇಲಿಗೆ ಎದರ್ಕಂಡೋರು ಬದುಕ್ತಾರೆ” ಎಂದಳು. ಮನೆಯಲ್ಲಿ ನಾವಿಬ್ಬರೇ, ಹೊರಡುವುದು ಕಷ್ಟವಿಲ್ಲ.

೨೩ ನವೆಂಬರ್, ಸೋಮವಾರ. ಗುಡಿಸಲು

ನನ್ನ ಗ್ರಹಚಾರ. ಮೇಷ್ಟರುಗಳಿಗೆ ಕೆರೆಯಾಚೆಯ ಬಯಲಲ್ಲಿ ಒಂದೇ ಸಾಲಾಗಿ ಗುಡಿಸಲು ಹಾಕಿಸಿದ್ದಾರೆ. ನಮ್ಮದು ನಾಲ್ಕನೆಯದು, ಶಾಸ್ತ್ರಿಯದು ಐದನೆಯದು. ಮಧ್ಯೆ ಒಂದೇ ಬಿದಿರಿನ ತಟ್ಟಿ. ಬದಲಾಯಿಸಿಕೊಡಿ ಎಂದರೆ ಹೆಡ್‌ಮಾಸ್ಟರು, “ಜೀವ ಉಳಿಸ್ಕೊಳ್ಳೋಕೆ ಬಂದಿದೀರೋ ಮದುವೆ ಬಿಡಾರ ಹುಡುಕೋಕೆ ಬಂದಿದೀರೋ?” ಎಂದು ಕಳಿಸಿದರು.

ಬೆಳಗಿನ ಜಾವ ಅವನ ಸ್ತೋತ್ರ, ಆಮೇಲೆ ಸೀನು, ಒಂದಾದ ಮೇಲೊಂದು ಏಳು. ತಟ್ಟಿ ಅಲ್ಲಾಡುತ್ತದೆ. ಆಮೇಲೆ ಅವನ ಹೆಂಡತಿ ಗುಂಡಮ್ಮ ಮಡಿ, ಮೈಲಿಗೆ ಎಂದು ಬಟ್ಟೆ ಎತ್ತಿ ಇಳಿಸುವ ಗಲಾಟೆ. ನಾವು ಉಸಿರಾಡಿದರೂ ಅವರಿಗೆ ಕೇಳಿಸುತ್ತದೆ, ಅವರು ಗೊಣಗಿದರೂ ನಮಗೆ.

ಪದ ಹಳೆಯದೇ ಇಟ್ಟುಕೊಂಡಿದ್ದೇನೆ. ಹೊಸ ಹತ್ತು ವಾಕ್ಯ ಬರೆದೆ. ಹದಿನೈದಾದರೂ ಬರೆಯಬಹುದಾಗಿತ್ತು.

೨೭ ನವೆಂಬರ್, ಶುಕ್ರವಾರ

ಪ್ಲೇಗಿನ ಸೂಜಿ ಹಾಕುವ ಡಾಕ್ಟರು ಬಂದಿದ್ದರು. ಅವ್ವ ಸೌದೆ ತರುತ್ತೇನೆಂದು ಹೋದವಳು ಡಾಕ್ಟರು ಹೋಗುವವರೆಗೂ ಬರಲಿಲ್ಲ. ಸಾಲಿನಲ್ಲಿ ಶಾಸ್ತ್ರಿ ನನ್ನ ಹಿಂದೆ. ಬೆವರುತ್ತಿದ್ದ. “ಬಹಳ ನೋಯತ್ತೇನ್ರೀ?” ಎಂದು ಮೂರು ಸಲ ಕೇಳಿದ. ಇಲ್ಲ ಎಂದೆ. ಅವನ ಸರದಿ ಬಂತು, ಸೂಜಿ ಕಂಡದ್ದೇ ಕಣ್ಣು ಮೇಲಾಗಿ ನನ್ನ ಮೇಲೆ ವಾಲಿದ. ಹಿಡಿದುಕೊಂಡೆ, ಇನ್ನೇನು ಮಾಡಲಿ? ಹುಲ್ಲುಕಟ್ಟಿನಷ್ಟೂ ಭಾರವಿಲ್ಲ ಆಸಾಮಿ. ಡಾಕ್ಟರು ಅದೇ ಸಮಯ ನೋಡಿ ಚುಚ್ಚಿಬಿಟ್ಟರು.

ಎಚ್ಚರಾದ ಮೇಲೆ, “ಉಪಕಾರವಾಯ್ತು ಮೇಷ್ಟ್ರೇ” ಎಂದ. ನೆಟ್ಟಗೆ ಕೆರೆಗೆ ಹೋಗಿ ಸ್ನಾನ ಮಾಡಿ ಬಂದ. ಜ್ವರ ಬರುವ ಸೂಜಿ ಹಾಕಿಸಿಕೊಂಡು ತಣ್ಣೀರಲ್ಲಿ ಮುಳುಗಿದ ಮೂರ್ಖ ಈ ಬಯಲಲ್ಲಿ ಇವನೊಬ್ಬನೇ. ಸಾಯಂಕಾಲದಿಂದ ನಡುಗುತ್ತಿದ್ದಾನೆ, ತಟ್ಟಿಯೂ ಅವನ ಜೊತೆ ನಡುಗುತ್ತಿದೆ. ಅವ್ವ ಮೆಣಸಿನ ಕಷಾಯ ಮಾಡಿದಳು, ಕೊಡಲು ಹೋಗಿ ಬಾಗಿಲಲ್ಲೇ ನಿಂತಳು. ಗುಂಡಮ್ಮ ತಾನೇ ಮಾಡಿಕೊಳ್ಳುತ್ತೇನೆಂದು ಮೆಣಸು ಮಾತ್ರ ಈಸಿಕೊಂಡರಂತೆ.

ಈ ವಾರ ಬರೆದ ವಾಕ್ಯ ಏಳು. ನನಗೂ ಸ್ವಲ್ಪ ಜ್ವರ.

೪ ಡಿಸೆಂಬರ್, ಶುಕ್ರವಾರ

ಹುಣಸೇಮರದ ಕೆಳಗೆ ಸ್ಕೂಲು ಶುರುವಾಯಿತು. ಗೋಡೆಗಳಿಲ್ಲ, ಒಬ್ಬರ ಪಾಠ ಇನ್ನೊಬ್ಬರ ಕಿವಿಗೆ. ನನ್ನ ತರಗತಿಯ ಬೆನ್ನಿಗೇ ಶಾಸ್ತ್ರಿಯ ತರಗತಿ.

ಒಂದು ಸಂಗತಿ ಕಂಡಿತು. ಹುಡುಗರನ್ನು ಹಿಂದೆ ಮುಂದೆ ಕೂರಿಸುವುದು ನಿಜ. ಆದರೆ ಹಿಂದಿನ ಸಾಲಿನವರೆಲ್ಲ ಪುಸ್ತಕ ಇರುವವರು. ಪುಸ್ತಕ ಇಲ್ಲದವರು ಮುಂದೆ, ಶಾಸ್ತ್ರಿಯ ಪುಸ್ತಕದ ಸುತ್ತ. ಬೈರಕೂರಿನ ಕಡೆಯಿಂದ ಬಂದ ಒಕ್ಕಲು ಹುಡುಗನೊಬ್ಬ ಅವನ ತೊಡೆಗೆ ಒರಗಿಕೊಂಡೇ ಓದುತ್ತಿದ್ದ. ಅದಕ್ಕೂ ಸ್ನಾನ ಮಾಡುತ್ತಾನೋ ಏನೋ. ನಾನು ಜುಲೈನಲ್ಲಿ ಕಿಟಕಿಯಿಂದ ನೋಡಿದ್ದು ಹೊಸ ಪುಸ್ತಕ ಹಂಚಿದ ವಾರ. ಆಗ ಹಿಂದೆ ಕೂತವರೆಲ್ಲ ಪುಸ್ತಕ ಸಿಕ್ಕ ಒಕ್ಕಲು ಹುಡುಗರೇ ಇರಬೇಕು.

ಮೊದಲೇ ತಿಳಿದಿದ್ದರೆ ಅರ್ಜಿಯಲ್ಲಿ ಆ ದೂರು ಬಿಡುತ್ತಿದ್ದೆ. ನಶ್ಯದ್ದು ಹೇಗೂ ಇದೆ.

೧೨ ಡಿಸೆಂಬರ್, ಶನಿವಾರ

ಹೆಡ್‌ಮಾಸ್ಟರು ಕರೆದು ಹೇಳಿದರು. ಜನವರಿ ಕೊನೆಯಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆ, ನನ್ನ ಮಾದರಿ ಪಾಠ ನೋಡುತ್ತಾರೆ, ಒಪ್ಪಿದರೆ ಕೆಲಸ ಖಾಯಂ. ಪಾಠ ಅವರೇ ಗೊತ್ತುಮಾಡಿದ್ದಾರೆ. ಡಿಟೆಸ್ಟ್ ಬರುವ ಪಾಠವೇ. ಪದದ ಅರ್ಥ, ಪ್ರಯೋಗ, ಕನ್ನಡದ ಸರಿಮಾತು ಮೂರನ್ನೂ ಬೋರ್ಡಿನ ಮೇಲೆ ತೋರಿಸಬೇಕು.

ಸರಿಮಾತು ಸಿಗುತ್ತಿಲ್ಲ. ದ್ವೇಷ, ಹಗೆ, ಅಸಹ್ಯ, ಜುಗುಪ್ಸೆ, ತಾತ್ಸಾರ, ಎಲ್ಲ ಬರೆದು ಎಲ್ಲ ಹೊಡೆದುಹಾಕಿದೆ. ಅವ್ವನನ್ನು ಕೇಳಿದೆ. “ಅದ್ಕೇನ್ಲಾ, ಕಂಡ್ರಾಗಕಿಲ್ಲ ಅಂತೀವಪ್ಪ” ಎಂದಳು. ಇನ್‌ಸ್ಪೆಕ್ಟರ ಮುಂದೆ ಅಡುಗೆಮನೆಯ ಮಾತು ಬರೆಯುವುದೇ? ಕೊನೆಗೆ ವಿಧಿಯಿಲ್ಲದೆ ತಟ್ಟಿಯ ಕಡೆ ತಿರುಗಿದೆ.

“ಶಾಸ್ತ್ರಿಗಳೇ, ಒಂದು ಪದದ ವಿಷಯ ಕೇಳಬೇಕಾಗಿತ್ತು.”

“ಹೇಳಿ ಮೇಷ್ಟ್ರೇ. ನೀವು ತಾಯೀನ ಕೇಳಿದ್ದೂ ಕೇಳಿಸ್ತು.”

ಇಂಗ್ಲಿಷು ಪದ ಬಿಡಿಸಿ ಹೇಳಿದೆ. ನಶ್ಯ ಏರಿಸಿ, “ಹಗೆ ಅನ್ನಬೇಡಿ” ಎಂದರು. “ಹಗೆಗೆ ಒಂದು ಕಾರಣ ಇರತ್ತೆ, ಹೊಲದ ಬದುವೋ, ಹೆಣ್ಣೋ. ಕಾರಣ ಹೋದ್ರೆ ಹಗೆ ಹೋಗತ್ತೆ. ಅಸಹ್ಯ ಅಂದ್ರೆ ಕೊಳೆತ ಪದಾರ್ಥಕ್ಕಾಯ್ತು. ಜುಗುಪ್ಸೆ ಅಂದ್ರೆ ಹುಡುಗರು ಬೆದರ್ತಾರೆ. ನೀವು ಹೇಳೋದು, ಅವನು ಕೂತ್ರೂ ತಪ್ಪು, ನಿಂತ್ರೂ ತಪ್ಪು, ಉಸಿರು ಬಿಟ್ರೂ ತಪ್ಪು, ಅಲ್ವೆ?”

“ಅದೇ. ಸರಿಯಾಗಿ ಅದೇ.”

“ಹಾಗಾದ್ರೆ ನಿಮ್ಮ ತಾಯಿ ಹೇಳಿದ್ದೇ ಸರಿ. ಕಂಡರಾಗದು. ಅದಕ್ಕಿಂತ ಒಪ್ಪೋ ಮಾತು ಸಂಸ್ಕೃತದಲ್ಲಿ ನಂಗೂ ಗೊತ್ತಿಲ್ಲ. ಧೈರ್ಯವಾಗಿ ಬೋರ್ಡಿನ ಮೇಲೆ ಬರೀರಿ.” ಆಮೇಲೆ ಕೇಳಿದರು, “ನಿಮಗೆ ಯಾರ ಮೇಲಾದ್ರೂ ಹಾಗನ್ಸಿದ್ಯಾ ಮೇಷ್ಟ್ರೇ? ಅನುಭವ ಇದ್ರೆ ಪಾಠ ಚೆನ್ನಾಗಿ ಬರತ್ತೆ.”

ಇಲ್ಲ ಎಂದೆ.

ಹೂಜಿಯ ವಿಷಯ ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಈ ವಾರ ವಾಕ್ಯ ನಾಲ್ಕೇ ಆಯಿತು. ಕೆಲಸ ಜಾಸ್ತಿ, ಪುರುಸೊತ್ತಿಲ್ಲ.

೨೨ ಡಿಸೆಂಬರ್, ಮಂಗಳವಾರ

ಭಾನುವಾರ ಡಾಕ್ಟರು ಮತ್ತೆ ಬಂದಾಗ ಅವ್ವನನ್ನು ಹಿಡಿದು ಸೂಜಿ ಹಾಕಿಸಿದೆ. ನಿನ್ನೆ ಬೆಳಿಗ್ಗೆ ಅವಳಿಗೆ ಕೆಂಡದಂಥ ಜ್ವರ. ಸುದ್ದಿ ಬಯಲೆಲ್ಲ ಹಬ್ಬಿತು. ನಾಲ್ಕನೇ ಗುಡಿಸಲಲ್ಲಿ ಪ್ಲೇಗು ಎಂದು ಜನ ದೊಣ್ಣೆ ಹಿಡಿದು ಬಂದರು. ಅವ್ವನನ್ನು ಆಚೆ ದಿಬ್ಬದ ಮೇಲಿನ ರೋಗಿಗಳ ಗುಡಿಸಲಿಗೆ ಹಾಕಬೇಕಂತೆ. ಅಲ್ಲಿಗೆ ಹೋದವರು ರೋಗ ಇಲ್ಲದಿದ್ದರೂ ಅಂಟಿಸಿಕೊಂಡು ಸಾಯುತ್ತಾರೆ.

ಶಾಸ್ತ್ರಿಗಳು ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಬಂದರು. ಹೊಸ್ತಿಲಾಚೆ ನಿಂತು, “ತಾಯೀ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಗಂಟು ಇದೆಯೇನಮ್ಮ?” ಎಂದರು. ಅವ್ವ ಇಲ್ಲ ಸಾಮಿ ಎಂದಳು. ನಮ್ಮ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟರು. ಬೆಳಗಿನಿಂದ ದೀಪ ಹಚ್ಚುವವರೆಗೆ ಅಲ್ಲೇ. ಬಂದವರಿಗೆಲ್ಲ, “ಸೂಜಿ ಜ್ವರ ಕಣ್ರಯ್ಯ. ನಂಗೂ ಬಂದಿತ್ತು, ಸತ್ನೇನು? ಆ ಯಮ್ಮನ್ನ ಎತ್ತೋದಾದ್ರೆ ಮೊದಲು ನನ್ನ ಎತ್ತಿ” ಎಂದರು. ಬ್ರಾಹ್ಮಣನನ್ನು ಮುಟ್ಟಿ ಎಳೆಯಲು ಯಾರಿಗೂ ಧೈರ್ಯ ಬರಲಿಲ್ಲ. ಇವತ್ತು ಅವ್ವನ ಜ್ವರ ಇಳಿದಿದೆ, ಗಂಜಿ ಕುಡಿದಳು.

ಗುಂಡಮ್ಮ ತಟ್ಟಿಯಾಚೆಯಿಂದ ಅವ್ವನ ಜೊತೆ ಮಾತಾಡುತ್ತಿದ್ದರು. ಇನ್ನು ಹದಿನಾಲ್ಕು ತಿಂಗಳಿಗೆ ಯಜಮಾನರಿಗೆ ಪೆನ್ಶನ್ನಂತೆ, ಆಮೇಲೆ ಮುಳಬಾಗಿಲಿಗೆ ಹೋಗಿ ಇದ್ದುಬಿಡುವುದಂತೆ, ಮಕ್ಕಳಿಲ್ಲದವರಿಗೆ ಇನ್ನೇನು ಬೇಕು ಎಂದರು. ಕಪ್ಪು ಚುಕ್ಕೆ ಬಿದ್ದರೆ ಪೆನ್ಶನ್ನಿಗೆ ಕುತ್ತು. ಅರ್ಜಿ ಈಗ ಯಾವ ಮೇಜಿನ ಮೇಲಿದೆಯೋ. ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಹೆಸರಿಲ್ಲದವನು ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

೩ ಜನವರಿ ೧೯೩೭, ಭಾನುವಾರ

ಉಪಾಯ ಹೊಳೆಯಿತು. ಇನ್ನೊಂದು ಮೂಗರ್ಜಿ ಬರೆದೆ, ಈ ಸಲ ಕೂಡಿಸಿದ ಅಕ್ಷರದಲ್ಲಿ. ಲಕ್ಷ್ಮೀನಾರಾಯಣ ಶಾಸ್ತ್ರಿಗಳು ಯೋಗ್ಯರು, ಹುಡುಗರಿಗೆ ಅವರೆಂದರೆ ಪ್ರಾಣ, ಅವರ ಮೇಲೆ ಯಾರಾದರೂ ದೂರು ಬರೆದಿದ್ದರೆ ಅದು ಶುದ್ಧ ಸುಳ್ಳು. ಸೂಜಿ ಹಾಕಿಸಿಕೊಂಡ ಚೀಟಿ ತೋರಿಸಿದರೆ ಬಸ್ಸಿಗೆ ಬಿಡುತ್ತಾರೆ. ಮುಳಬಾಗಿಲಿಗೆ ಹೋಗಿ ಅಲ್ಲಿಯ ಟಪ್ಪಾಲಿಗೆ ಹಾಕಿದೆ. ಮುಳಬಾಗಿಲಿನ ಮುದ್ರೆ ಬಿದ್ದರೆ ನಾನು ಬರೆದದ್ದೆಂದು ಯಾರಿಗೂ ಹೊಳೆಯುವುದಿಲ್ಲ.

ಒಂದಕ್ಕೊಂದು ವಜಾ. ಮನಸ್ಸು ಹಗುರವಾಯಿತು.

೧೭ ಜನವರಿ, ಭಾನುವಾರ

ಪಾಠ ತಯಾರಿ. ಶಾಸ್ತ್ರಿಗಳು ತಟ್ಟಿಯಾಚೆ ಕೂತು ಕೇಳಿ ನನ್ನ ಹಕಾರ ತಿದ್ದುತ್ತಾರೆ. “ಹೇಟ್ ಅನ್ನಿ ಮೇಷ್ಟ್ರೇ, ಏಟ್ ಅಂದ್ರೆ ಇನ್‌ಸ್ಪೆಕ್ಟರು ಓಡ್ಹೋಗ್ತಾರೆ” ಎಂದರು. ನಗು ಬಂತು.

ವಾಕ್ಯ ಒಂದೂ ಬರೆಯಲಿಲ್ಲ. ಪದ ಬದಲಿಸಬೇಕು, ಇದು ಯಾಕೋ ಒಣಗಿದೆ.

೨೮ ಜನವರಿ, ಗುರುವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಹುಣಸೇಮರದ ಕೆಳಗೆ ಬಂದರು. ಅವರ ಮನೆಮಾತು ತಮಿಳು, ಕನ್ನಡ ತಿಳಿಯುತ್ತದೆ, ಆಡುವಾಗ ತಡೆಯುತ್ತದೆ. ಪಾಠ ಚೆನ್ನಾಗಿ ನಡೆಯಿತು. ಡಿಸ್‌ಲೈಕ್, ಹೇಟ್, ಡಿಟೆಸ್ಟ್ ಮೂರಕ್ಕೂ ವ್ಯತ್ಯಾಸ ತೋರಿಸಿದೆ. ಬೋರ್ಡಿನ ಮೇಲೆ ‘ಕಂಡರಾಗದು’ ಎಂದು ಬರೆದಾಗ ಇನ್‌ಸ್ಪೆಕ್ಟರು ತಲೆದೂಗಿ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಹೆಡ್‌ಮಾಸ್ಟರು ನನ್ನ ಕಡೆ ನೋಡಿ ನಕ್ಕರು. ನನ್ನ ಕೆಲಸ ಖಾಯಂ ಎಂದುಕೊಂಡೆ.

ಹುಡುಗರನ್ನು ಬಿಟ್ಟ ಮೇಲೆ ಇನ್‌ಸ್ಪೆಕ್ಟರು ಚೀಲದಿಂದ ಎರಡು ಲಕೋಟೆ ತೆಗೆದರು. ಎರಡೂ ನಾನು ಹಾಕಿದವೇ. ಶಾಸ್ತ್ರಿಗಳನ್ನು ಕರೆಸಿ ಮುಂದೆ ನಿಲ್ಲಿಸಿಕೊಂಡರು.

“ನಿಮ್ಮ ಮೇಲೆ ದೂರು ಬಂದಿದೆ, ಮಾಲೂರಿನಿಂದ. ಇಂಥದ್ದನ್ನು ನಾನು ಕಸದ ಬುಟ್ಟಿಗೆ ಹಾಕುವುದು ವಾಡಿಕೆ. ಆದರೆ ಇದಾದ ಎರಡು ತಿಂಗಳಿಗೆ ನಿಮ್ಮನ್ನು ಹೊಗಳಿ ಇನ್ನೊಂದು ಬಂತು, ಮುಳಬಾಗಿಲಿನಿಂದ. ನಿಮ್ಮ ಊರು. ಮೊದಲನೆಯದು ಬಂದ ವಿಷಯ ನನ್ನ ಆಫೀಸು ಬಿಟ್ಟು ಯಾರಿಗೂ ಗೊತ್ತಿಲ್ಲ. ನಿಮ್ಮ ಕಡೆಯವರಿಗೆ ಹೇಗೆ ಗೊತ್ತಾಯಿತು? ನನ್ನ ಗುಮಾಸ್ತರಿಗೆ ಏನು ಕೊಟ್ಟಿರಿ? ಏನೂ ಇಲ್ಲದವರು ಇಷ್ಟು ಹೆದರುತ್ತಾರೆಯೆ?”

ಶಾಸ್ತ್ರಿಗಳಿಗೆ ತಲೆಬುಡ ತಿಳಿಯಲಿಲ್ಲ. “ನಂಗೇನೂ ಗೊತ್ತಿಲ್ಲ ಸ್ವಾಮಿ” ಎಂದರು. ನಾನು ಮಾಡಿದ ಉಪಕಾರ ಅವರ ಕುತ್ತಿಗೆಗೆ ಬಂದಿತ್ತು.

ಆಪಾದನೆಯನ್ನು ಆಪಾದಿತರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು, ಓದಿದವನು ಕೆಳಗೆ ರುಜು ಹಾಕಬೇಕು, ಅದು ಪದ್ಧತಿ. ಶಾಸ್ತ್ರಿಗಳಿಗೆ ಇಂಗ್ಲಿಷು ಬಾರದು. ಇನ್‌ಸ್ಪೆಕ್ಟರು ಮಾಲೂರಿನ ಅರ್ಜಿಯನ್ನು ನನ್ನ ಕೈಗೆ ಕೊಟ್ಟರು. “ನೀವು ಓದಿ ಚನ್ನರಾಯಪ್ಪನವರೇ. ನಿಮ್ಮ ಭಾಷಾಂತರ ಈಗ ತಾನೇ ನೋಡಿದೆ, ಶುದ್ಧವಾಗಿದೆ.”

ಓದಿದೆ. ತರಗತಿಯಲ್ಲಿ ನಶ್ಯ ಹಾಕುತ್ತಾರೆ. ಶಾಸ್ತ್ರಿಗಳು, “ನಿಜ. ತಪ್ಪೇ” ಎಂದರು. ಒಕ್ಕಲು ಮಕ್ಕಳನ್ನು ಹಿಂದೆ ಕೂರಿಸುತ್ತಾರೆ. “ಹುಡುಗರನ್ನೇ ಕೇಳಿ” ಎಂದರು. ಮೂರನೆಯದಕ್ಕೆ ಬಂದೆ. “ಹುಡುಗರಿಗೆ ಇವರೆಂದರೆ ಅಷ್ಟಾಗಿ ಸೇರುವುದಿಲ್ಲ” ಎಂದೆ.

ಇನ್‌ಸ್ಪೆಕ್ಟರು ತಲೆಯೆತ್ತಿದರು. “ಅದು ಡಿಸ್‌ಲೈಕ್. ಅಲ್ಲಿರುವುದು ಡಿಟೆಸ್ಟ್. ಒಂದು ಗಂಟೆ ಹಿಂದೆ ನೀವೇ ಹೇಳಿಕೊಟ್ಟಿರಲ್ಲ?” ಬೋರ್ಡಿನ ಮೇಲೆ ನನ್ನ ಅಕ್ಷರ ಇನ್ನೂ ಹಾಗೇ ಇತ್ತು.

“ಹುಡುಗರಿಗೆ ಇವರನ್ನು ಕಂಡರಾಗದು” ಎಂದೆ.

ಶಾಸ್ತ್ರಿಗಳು ನಶ್ಯದ ಡಬ್ಬಿ ತೆಗೆದವರು ಮುಚ್ಚಳ ಬಿಚ್ಚದೆ ಮತ್ತೆ ಸೊಂಟಕ್ಕೆ ಸಿಕ್ಕಿಸಿದರು.

“ಹುಡುಗರಿಗಾ?” ಎಂದರು. ಮತ್ತೆ, “ಹುಡುಗರು ಹಾಗಂದ್ರಾ?”

ಇನ್‌ಸ್ಪೆಕ್ಟರ ಕಡೆ ತಿರುಗಿದರು.

“ಮಿಕ್ಕದ್ದಕ್ಕೆಲ್ಲ ಸಮಾಧಾನ ಹೇಳ್ತೀನಿ ಸ್ವಾಮಿ. ಇದಕ್ಕೇನು ಹೇಳ್ಲಿ? ಮೂವತ್ತೊಂದು ವರ್ಷ ಪಾಠ ಹೇಳಿದೀನಿ. ಹುಡುಗರಿಗೆ ನಾನು ಕಂಡರಾಗದವನು ಅಂದ್ಮೇಲೆ ಇನ್ನೊಂದು ದಿನ ಅವರ ಮುಂದೆ ಹ್ಯಾಗೆ ನಿಲ್ಲೋದು? ಒಂದು ಕಾಗದ ಕೊಡಿ. ರಾಜೀನಾಮೆ ಬರ್ಕೊಡ್ತೀನಿ.”

ಹೆಡ್‌ಮಾಸ್ಟರು ದುಡುಕಬೇಡಿ ಎನ್ನುತ್ತಿದ್ದರು. ಇನ್‌ಸ್ಪೆಕ್ಟರು ಕಾಗದ ಕೊಟ್ಟೇಬಿಟ್ಟರು. ಶಾಸ್ತ್ರಿಗಳು ಕೆಳಗೆ ಕೂತು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡರು. ಮೊದಲ ಸಾಲು ಬರೆದೂ ಆಗಿತ್ತು. ಅವರ ಅಕ್ಷರ ಎಷ್ಟು ದುಂಡಗಿದೆ ಎಂದು ಆಗ ನೋಡಿದೆ.

“ಹುಡುಗರಿಗಲ್ಲ. ನನಗೆ” ಎಂದೆ.

ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. “ಇದನ್ನು ಬರೆದವನು ನಾನು. ಹುಡುಗರು ಏನೂ ಹೇಳಲಿಲ್ಲ. ನನಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಹುಡುಗರ ಹೆಸರು ಹಾಕಿದೆ.”

“ಇನ್ನೊಂದು?”

“ಅದೂ ನಾನೇ.”

ಇನ್‌ಸ್ಪೆಕ್ಟರು ಎರಡು ಲಕೋಟೆಗಳನ್ನೂ ಬೋರ್ಡನ್ನೂ ನೋಡಿದರು, ನನ್ನನ್ನು ನೋಡಿದರು. ಅರ್ಜಿಯ ಕೆಳಗೆ ಬೆರಳಿಟ್ಟು, “ಓದಿದವನು ಎಂದು ರುಜು ಹಾಕಿ. ಬರೆದವನು ಎಂದೂ ಹಾಕಿ” ಎಂದರು. ಹಾಕಿದೆ. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಅಷ್ಟು ಸ್ಪಷ್ಟವಾಗಿ ಎಂದೂ ಬರೆದಿರಲಿಲ್ಲ.

ಶಾಸ್ತ್ರಿಗಳು ರಾಜೀನಾಮೆಯ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ನನ್ನ ಕಡೆ ನೋಡಲಿಲ್ಲ.

೨೯ ಜನವರಿ, ಶುಕ್ರವಾರ

ಬೆಳಿಗ್ಗೆ ತಟ್ಟಿಯಾಚೆ ಸ್ತೋತ್ರ ಕೇಳಲಿಲ್ಲ. ಕೆರೆಯ ಕಡೆ ಹೋಗಿ ಹೇಳಿಕೊಳ್ಳುತ್ತಾರೆ ಎಂದು ಕಾಣುತ್ತದೆ.

ಅವ್ವನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ರಾಗಿ ಕೇರುತ್ತಲೇ ಇದ್ದಳು. ಆಮೇಲೆ, “ಆ ಪುಣ್ಯಾತ್ಮ ನಿನ್ನ ತಾಯಿ ಬಾಗ್ಲು ಕಾದ. ಆಗ್ಲೇ ಯೋಳ್ಬೇಕಾಗಿತ್ತು ಕಣ್ಲಾ ನೀನು” ಎಂದಳು. ಹೌದು, ಆಗಲೇ ಹೇಳಬೇಕಾಗಿತ್ತು. ಅದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

೧೧ ಫೆಬ್ರವರಿ, ಗುರುವಾರ

ಹುಕುಂ ಬಂತು. ಶಾಸ್ತ್ರಿಗಳ ಮೇಲಿನ ದೂರು ವಜಾ. ನನ್ನ ಕೆಲಸ ಖಾಯಂ ಇಲ್ಲ. ಬೈರಕೂರಿನ ಪ್ರೈಮರಿ ಸ್ಕೂಲಿಗೆ ವರ್ಗ. ಅಲ್ಲಿ ಇಂಗ್ಲಿಷು ಇಲ್ಲ. ಅಕ್ಷರ, ಮಗ್ಗಿ ಹೇಳಿಕೊಡಬೇಕು. ಕೆಲಸದಿಂದ ತೆಗೆಯದಿದ್ದುದೇ ಹೆಚ್ಚು ಎಂದರು ಹೆಡ್‌ಮಾಸ್ಟರು. ಪಾಠ ಚೆನ್ನಾಗಿತ್ತು ಎಂದು ಇನ್‌ಸ್ಪೆಕ್ಟರು ಬರೆದಿದ್ದಾರಂತೆ.

ಊರಿಗೆ ಗಂಧಕದ ಹೊಗೆ ಹಾಕಿದ್ದಾರೆ, ಜನ ಒಬ್ಬೊಬ್ಬರಾಗಿ ಮನೆಗಳಿಗೆ ಮರಳುತ್ತಿದ್ದಾರೆ. ನಮ್ಮ ಸಾಲಿನಲ್ಲಿ ಉಳಿದದ್ದು ನಾವು ಮತ್ತು ಶಾಸ್ತ್ರಿಗಳು. ಗುಂಡಮ್ಮನವರು ಅವ್ವನ ಜೊತೆ ಮಾತಾಡುತ್ತಾರೆ. ನಾನು ಬಂದರೆ ನಿಲ್ಲಿಸುತ್ತಾರೆ. ಶಾಸ್ತ್ರಿಗಳು ನನ್ನನ್ನು ದೂರದಲ್ಲಿ ಕಂಡರೆ ಕೆರೆ ಏರಿ ಇಳಿದು ಗದ್ದೆ ಬದುವಿನ ಮೇಲೆ ಹೋಗುತ್ತಾರೆ. ಆ ದಾರಿ ಎರಡು ಫರ್ಲಾಂಗು ಜಾಸ್ತಿ, ಮುಳ್ಳೂ ಇದೆ. ಅವರು ಇಲ್ಲದ ದಿನ ಹೋಗಿ ಆ ಮುಳ್ಳು ಸವರಿ ಬಂದೆ.

೧೫ ಫೆಬ್ರವರಿ, ಸೋಮವಾರ. ಬೈರಕೂರು

ಬೆಳಿಗ್ಗೆ ಬಂಡಿಗೆ ಸಾಮಾನು ಏರಿಸಿ ಆಯಿತು. ಅವ್ವ ಗುಂಡಮ್ಮನವರಿಗೆ ಕೈಮುಗಿದು ಬಂದು ಬಂಡಿಯಲ್ಲಿ ಕೂತಳು. ಹೇಳದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಖಾಲಿ ಗುಡಿಸಲೊಳಗೆ ಹೋಗಿ ತಟ್ಟಿಯ ಹತ್ತಿರ ನಿಂತೆ. ಆಚೆ ಅವರು ಇರುವುದು ಗೊತ್ತಾಗುತ್ತಿತ್ತು.

“ಶಾಸ್ತ್ರಿಗಳೇ, ಹೋಗಿ ಬರ್ತೀನಿ” ಎಂದೆ.

ತಿರುಗಿ ಹೊರಟಿದ್ದೆ.

“ಈಗಲೂ ಹಾಗೇನಾ ಮೇಷ್ಟ್ರೇ?” ಎಂದರು. “ನನ್ನನ್ನ ಕಂಡ್ರೆ?”

“ಇಲ್ಲ. ಅದು ಹೋಗಿ ಬಹಳ ದಿನ ಆಯ್ತು. ಯಾವತ್ತು ಹೋಯ್ತು ಅಂತ ನಂಗೂ ತಿಳೀಲಿಲ್ಲ.”

“ನಿಮಗೆ ಹೋಯ್ತು. ನಂಗೆ ಈಗ ಶುರುವಾಗಿದೆ.” ಅವರ ದನಿಯಲ್ಲಿ ಕೋಪವಿರಲಿಲ್ಲ, ಪಾಠ ಹೇಳುವಾಗಿನ ದನಿಯೇ. “ನಿಮ್ಮ ಕೆಮ್ಮು ಕೇಳಿದ್ರೂ ಮೈ ಉರಿಯತ್ತೆ. ಈ ವಯಸ್ಸಲ್ಲಿ ಇದನ್ನ ಇಟ್ಕೊಂಡು ಬಾಳೋದು ಕಷ್ಟ. ಹೋಗ್ಲಿ ಅಂತ ನೋಡ್ತಿದೀನಿ, ಇನ್ನೂ ಹೋಗಿಲ್ಲ. ಹೋದ ದಿನ ನಾನೇ ಒಂದು ಕಾಗದ ಹಾಕ್ತೀನಿ. ಅಲ್ಲೀವರ್ಗೂ ನೀವು ಬರೀಬೇಡಿ.”

“ಆಗಲಿ” ಎಂದೆ.

“ಹೋಗಿ ಬನ್ನಿ” ಎಂದರು.

ಬಂಡಿ ಬಸ್ಸಿನವರೆಗೆ, ಬಸ್ಸು ಮುಳಬಾಗಿಲಿನವರೆಗೆ, ಅಲ್ಲಿಂದ ಮತ್ತೆ ಬಂಡಿ. ಸಂಜೆಗೆ ಬೈರಕೂರು ಸೇರಿದೆವು. ಸಾಮಾನು ಇಳಿಸುವ ಮೊದಲೇ, ಇಲ್ಲಿಗೆ ಟಪ್ಪಾಲು ವಾರಕ್ಕೆ ಎಷ್ಟು ಸಲ ಬರುತ್ತದೆ ಎಂದು ಶ್ಯಾನುಭೋಗರನ್ನು ಕೇಳಿದೆ. ಎರಡು ಸಲ, ಬುಧವಾರ ಮತ್ತು ಶನಿವಾರ ಎಂದರು.